ಸೀರೆ ಮಾರಿದ್ದು ಇಳಕಲ್‌ನಲ್ಲಿ, ಖಾತೆ ಬಿಡಿಸಲು ಹೊರರಾಜ್ಯಕ್ಕೆ: ಸಂಸದರಿಗೊಂದು ಬಹಿರಂಗ ಪತ್ರ

ಬಾಗಲಕೋಟೆ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ಸಾಹೇಬರೇ, ನಮಸ್ಕಾರ.

ನಾನು ಇಳಕಲ್‌ನಲ್ಲಿ ಸೀರೆ ವ್ಯಾಪಾರ ಮಾಡುವವನು. ಅಂಗಡಿ ಚಿಕ್ಕದು. ಎಂಟು ಮಗ್ಗದವರು ನನಗೆ ನೇಯ್ದು ಕೊಡುತ್ತಾರೆ. ಈಗ ಅರ್ಧಕ್ಕಿಂತ ಜಾಸ್ತಿ ಸೀರೆ ಹೋಗುವುದು ವಾಟ್ಸಾಪ್ ಮೇಲೆಯೇ. ಫೋಟೊ ಹಾಕುತ್ತೇನೆ. ಪುಣೆಯವರೋ ಬೆಂಗಳೂರಿನವರೋ ಆರಿಸುತ್ತಾರೆ. ಯುಪಿಐನಲ್ಲಿ ದುಡ್ಡು ಬರುತ್ತದೆ, ಪಾರ್ಸೆಲ್ ಹೋಗುತ್ತದೆ. ಡಿಜಿಟಲ್ ಆಗಿ ಅಂದಿರಿ, ಆದೆವು.

ಕಳೆದ ದಸರಾ ಹೊತ್ತಿಗೆ ಒಬ್ಬರು ಗೋಮಿ ದಡಿಯ ಸೀರೆ ತೊಗೊಂಡರು. 2,350 ರೂಪಾಯಿ ಹಾಕಿದರು. ಚೌಕಾಸಿ ಕೂಡ ಮಾಡಲಿಲ್ಲ. ಹದಿನೈದು ದಿನ ಬಿಟ್ಟು, ಶನಿವಾರ ನೇಕಾರರಿಗೆ ಮಜೂರಿ ಹಾಕಲು ಕೂತರೆ ದುಡ್ಡು ಹೋಗುತ್ತಿಲ್ಲ. ಬ್ಯಾಂಕಿಗೆ ಓಡಿದೆ. "ನಿಮ್ಮ ಖಾತೆ ಫ್ರೀಜ್ ಆಗಿದೆ, ಸೈಬರ್ ಕೇಸು" ಅಂದರು. ಏನು ಕೇಸು, ಯಾರ ಮೇಲೆ ಅಂದರೆ ಒಂದು ಚೀಟಿಯಲ್ಲಿ ದೂರಿನ ನಂಬರು ಬರೆದುಕೊಟ್ಟರು. ಜೊತೆಗೆ ದೂರದ ರಾಜ್ಯವೊಂದರ ಠಾಣೆಯ ಇಮೇಲ್. ಅಷ್ಟೇ.

ಆಮೇಲೆ ಗೊತ್ತಾಗಿದ್ದು ಇದು: ಆ ಗಿರಾಕಿ ನನಗೆ ಕೊಟ್ಟ ದುಡ್ಡು ಯಾರಿಗೋ ಮೋಸ ಮಾಡಿ ಹೊಡೆದದ್ದು. ಸರಿ, ಆ 2,350 ಹಿಡಿದಿಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಖಾತೆಯಲ್ಲಿದ್ದದ್ದು 61,000 ರೂಪಾಯಿ. ಅಷ್ಟೂ ನಿಂತುಬಿಟ್ಟಿತು. ಹಬ್ಬದ ಮುಂದೆ ಎಂಟು ಮನೆಯ ಮಜೂರಿ ಕೈಗಡ ತಂದು ಕೊಟ್ಟೆ. ಇಮೇಲ್‌ಗೆ ಉತ್ತರವಿಲ್ಲ. ಫೋನ್ ಮಾಡಿದರೆ ನನ್ನ ಹಿಂದಿ ಅವರಿಗೆ ತಿಳಿಯದು, ಅವರದು ನನಗೆ ತಿಳಿಯದು. ಬಿಲ್ಲು, ಪಾರ್ಸೆಲ್ ರಸೀದಿ, ಚಾಟ್ ಎಲ್ಲ ಮೂರು ಸಲ ಕಳಿಸಿದ ಮೇಲೆ, 53ನೇ ದಿನ ಖಾತೆ ತೆರೆಯಿತು. ಅಷ್ಟರಲ್ಲಿ ಓಣಿಯಲ್ಲಿ "ಅವನ ಮೇಲೆ ಪೊಲೀಸ್ ಕೇಸಂತೆ" ಅನ್ನುವ ಸುದ್ದಿ ಹಬ್ಬಿತ್ತು. ಅದನ್ನು ತೆರವು ಮಾಡುವ ಇಮೇಲ್ ಯಾವುದೂ ಇಲ್ಲ ನೋಡಿ.

ಇದರ ಹಿಂದಿರುವ ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೋಸ ಹೋದವರು ಸೈಬರ್ ಸಹಾಯವಾಣಿಗೆ (ಈಗ ಅದರ ನಂಬರು 1930) ಫೋನ್ ಮಾಡಿದ ಕೂಡಲೇ ದುಡ್ಡು ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗೆ ಹೋಯಿತು ಅಂತ ಬೆನ್ನು ಹತ್ತುವ ಏರ್ಪಾಟು 2021ರ ಏಪ್ರಿಲ್‌ನಲ್ಲಿ ಬಂತು. ಬೇಕಾದದ್ದೇ. ಕಳ್ಳರು ದುಡ್ಡನ್ನು ಬಾಡಿಗೆ ಖಾತೆಗಳಲ್ಲಿ ಚೂರುಚೂರು ಮಾಡಿ ಹರಿಬಿಡುತ್ತಾರೆ. ಗಂಟೆ ತಡವಾದರೆ ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲು ತಡೆ, ಆಮೇಲೆ ವಿಚಾರಣೆ. ತೊಂದರೆ ಇರುವುದು ಆ "ಆಮೇಲೆ"ಯಲ್ಲಿ. ಚೂರುಗಳಲ್ಲಿ ಕೊನೆಯ ಒಂದೆರಡು ಬಂದು ಬೀಳುವುದು ಚಹಾದಂಗಡಿಗೆ, ಪೆಟ್ರೋಲ್ ಬಂಕಿಗೆ, ನನ್ನಂಥವನ ಸೀರೆ ಅಂಗಡಿಗೆ.

ಹುನಗುಂದದ ವಕೀಲರೊಬ್ಬರನ್ನು ಕೇಳಿದೆ. ಪೊಲೀಸರು ಖಾತೆ ತಡೆಯಲು ಬಳಸುವುದು ಹೆಚ್ಚಾಗಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 102ನೇ ಕಲಮು, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 106 ಅಂತ ತೋರಿಸಿದರು. ಕದ್ದ ಮಾಲು ಅನ್ನುವ ಅನುಮಾನ ಬಂದರೆ ಜಪ್ತಿ ಮಾಡಿ, ಮ್ಯಾಜಿಸ್ಟ್ರೇಟರಿಗೆ ತಿಳಿಸುವ ಕಲಮು. ಕದ್ದ ಸೈಕಲ್ಲಿಗೆ ಸರಿಯಾಗಿದೆ. ಸೈಕಲ್ ಜಪ್ತಾದರೆ ಮನೆಯ ಮಿಕ್ಕ ಸಾಮಾನು ಮನೆಯಲ್ಲೇ ಇರುತ್ತದೆ, ಅಲ್ವಾ? ಖಾತೆಗೆ ಇದೇ ಕಲಮು ಹಾಕಿದರೆ ಮನೆಗೇ ಬೀಗ. ಖಾತೆದಾರನಿಗೆ ತಿಳಿಸಬೇಕು ಅನ್ನುವ ಒಂದು ಸಾಲೂ ಆ ಕಲಮಿನಲ್ಲಿಲ್ಲ. ಕೇಳುವುದಿದ್ದರೆ ಆ ರಾಜ್ಯದ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನಿಲ್ಲಬೇಕು. ಕೇರಳ ಹೈಕೋರ್ಟ್ 2023ರಲ್ಲಿ, ಎಷ್ಟು ದುಡ್ಡಿನ ಮೇಲೆ ಅನುಮಾನವೋ ಅಷ್ಟನ್ನೇ ತಡೆಯಿರಿ ಅಂತ ಬ್ಯಾಂಕುಗಳಿಗೆ ಹೇಳಿತು. ನನ್ನ ಬ್ಯಾಂಕಿನವರಿಗೆ ಅದರ ಪ್ರತಿ ತೋರಿಸಿದೆ. "ನಮಗೆ ಮೇಲಿನಿಂದ ಬರಬೇಕು" ಅಂದರು.

ಈಗ ಇದರ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತೇನೆ. ಮಗಳು ಆನ್‌ಲೈನ್‌ನಲ್ಲಿ ತರಿಸಿದ ಮಿಕ್ಸರ್ ಕೆಟ್ಟಿತ್ತು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ಬಂತು ಅನ್ನಬೇಕು, ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ, ಕಂಪನಿ ದಿಲ್ಲಿಯಲ್ಲೇ ಇರಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಕಾಯ್ದೆ ಕೊಟ್ಟ ಹಕ್ಕು ಅದು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಅಂದರೆ ಮಿಕ್ಸರ್ ಕೆಟ್ಟರೆ ಬಾಗಲಕೋಟೆ ಸಾಕು, ಖಾತೆ ಕೆಟ್ಟರೆ ರೈಲು ಹತ್ತಬೇಕು. ಒಂದೇ ಸಂಸತ್ತು ಮಾಡಿದ ಕಾನೂನುಗಳು ಇವೆರಡೂ.

ಮಾಹಿತಿ ತಂತ್ರಜ್ಞಾನದ ಐಟಿ ಕಾಯ್ದೆಯಲ್ಲೂ ಪರಿಹಾರ ಕೊಡಿಸುವ ದಾರಿ ಇದೆ, ಇಲ್ಲವೆಂದಲ್ಲ. 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕಾಯ್ದೆ ಅದು. 46ನೇ ಕಲಮಿನಲ್ಲಿ ಐದು ಕೋಟಿವರೆಗಿನ ತಕರಾರು ಕೇಳುವ ನ್ಯಾಯನಿರ್ಣಯ ಅಧಿಕಾರಿ ಇದ್ದಾರೆ. ಯಾರು ಗೊತ್ತೇ? ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ. ಇಡೀ ಕರ್ನಾಟಕಕ್ಕೆ ಒಬ್ಬರು, ಬೆಂಗಳೂರಿನಲ್ಲಿ, ಇಲಾಖೆಯ ಕೆಲಸದ ಮಧ್ಯೆ. ಇಂಥ ಅಧಿಕಾರಿ ಇದ್ದಾರೆ ಅಂತ ತಿಳಿಯಲು ನಮ್ಮ ವಕೀಲರೇ ಪುಸ್ತಕ ತೆಗೆಯಬೇಕಾಯಿತು. ಮೇಲ್ಮನವಿಗೆ ಟಿಡಿಸ್ಯಾಟ್ ಅನ್ನುವ ದೂರಸಂಪರ್ಕ ತಕರಾರುಗಳ ನ್ಯಾಯಮಂಡಳಿ, ಅದು ದಿಲ್ಲಿಯಲ್ಲಿ.

ಹೊಸ ಡೇಟಾ ಕಾಯ್ದೆಯ ಒಂದು ವಿಷಯ ತಮ್ಮ ಗಮನಕ್ಕೆ ತರಲೇಬೇಕು. ನಮ್ಮ ಮಾಹಿತಿ ಇಟ್ಟುಕೊಂಡ ಕಂಪನಿ ಅಸಡ್ಡೆ ಮಾಡಿ ಸೋರಲು ಬಿಟ್ಟರೆ ನಷ್ಟವಾದವನಿಗೆ ಪರಿಹಾರ ಕೊಡಬೇಕು ಅನ್ನುವುದು ಐಟಿ ಕಾಯ್ದೆಯ 43ಎ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಅದನ್ನು ತೆಗೆದುಹಾಕುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಈ ಭಾಗ ಜಾರಿಯಾಗಲು 18 ತಿಂಗಳ ಗಡುವಿದೆ. ಆಮೇಲೆ ತಪ್ಪು ಮಾಡಿದ ಕಂಪನಿಗೆ 250 ಕೋಟಿವರೆಗೆ ದಂಡ ಬೀಳಬಹುದು, ದೊಡ್ಡ ಮಾತೇ. ಆದರೆ ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ. ನಂಬರ್ ಸೋರಿದ್ದರಿಂದ ಮೋಸ ಹೋದ ಹೆಣ್ಣುಮಗಳಿಗೆ ಒಂದು ರೂಪಾಯಿಯೂ ಇಲ್ಲ. ಅದೇ ಕಾಯ್ದೆಯಲ್ಲಿ ಒಪ್ಪಿಗೆಯ ನೋಟಿಸನ್ನು ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಅವಕಾಶ ಕೊಟ್ಟಿದ್ದೀರಿ. ಅಂದರೆ ಕನ್ನಡದಲ್ಲೂ. ಅದಕ್ಕೆ ಮನಸಾರೆ ನಮಸ್ಕಾರ. ಕನ್ನಡದಲ್ಲಿ ಓದಿ ಒಪ್ಪಿಕೊಳ್ಳುತ್ತೇವೆ, ಸೋರಿದ ಮೇಲೆ ಯಾವ ಬಾಗಿಲು ತಟ್ಟಬೇಕು ಅದನ್ನೂ ಹೇಳಿ.

ಪೊಲೀಸ್ ರಾಜ್ಯದ ವಿಷಯ, ಶಾಸಕರನ್ನು ಕೇಳು ಅನ್ನಬಹುದು. ಆದರೆ ಈ ಪತ್ರದಲ್ಲಿ ಬಂದ ಎಲ್ಲ ಕಾಯ್ದೆಗಳೂ ತಾವು ಕೂರುವ ಸಂಸತ್ತಿನಲ್ಲೇ ಆದವು. ಅದಕ್ಕೇ ತಮಗೆ ಬರೆದೆ. ನನಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಖಾತೆ ತಡೆದರೆ ಅನುಮಾನದ ದುಡ್ಡಿಗಷ್ಟೇ ತಡೆ, ಅದೇ ದಿನ ಖಾತೆದಾರನಿಗೆ ಅವನ ಭಾಷೆಯಲ್ಲಿ ಕಾರಣ, ಮತ್ತೆ ಅವನ ಜಿಲ್ಲೆಯಲ್ಲೇ ದಾಖಲೆ ನೋಡಿ ತೀರ್ಮಾನ ಹೇಳುವ ಒಬ್ಬರು. ನಮ್ಮ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ, ಗ್ರಾಹಕ ಆಯೋಗ ಇದೆ, ಹೊಸ ಕಟ್ಟಡವನ್ನೂ ಕೇಳುತ್ತಿಲ್ಲ. ಇದು ಸುತ್ತೋಲೆಯಲ್ಲಿ ಬಂದರೆ ಸಾಲದು. ಸುತ್ತೋಲೆ ಬಂದದ್ದು ನಮ್ಮೂರ ಶಾಖೆಗೆ ತಿಳಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಕಾಯ್ದೆಯಲ್ಲಿ ಬರೆಯಿರಿ.

ಅಂದಹಾಗೆ, ಈಗ ನಾನು ಎರಡು ಖಾತೆ ಇಟ್ಟಿದ್ದೇನೆ. ಗೊತ್ತಿಲ್ಲದ ಗಿರಾಕಿಯ ದುಡ್ಡು ಒಂದಕ್ಕೆ ಬೀಳುತ್ತದೆ, ಸಂಜೆಯೊಳಗೆ ಅದನ್ನು ಖಾಲಿ ಮಾಡಿಬಿಡುತ್ತೇನೆ. ಕಳ್ಳರು ಮಾಡುವುದೂ ಇದನ್ನೇ ಅಂತ ಮಗಳು ನಗುತ್ತಾಳೆ.

ಮುಂದಿನ ಅಧಿವೇಶನದಲ್ಲಿ ಗೃಹ ಸಚಿವರಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರ ಕೊಡಬೇಕಾದ ಪ್ರಶ್ನೆ ಹಾಕಿ, ಸಾಹೇಬರೇ. ಕಳೆದ ಒಂದು ವರ್ಷದಲ್ಲಿ ಕರ್ನಾಟಕದ ಎಷ್ಟು ಖಾತೆಗಳನ್ನು ಹೊರರಾಜ್ಯದ ಪೊಲೀಸರು ತಡೆಸಿದರು? ಅದರಲ್ಲಿ ಎಷ್ಟು ಮಂದಿಯ ಮೇಲೆ ಆರೋಪಪಟ್ಟಿ ಬಂತು? ಮಿಕ್ಕವರ ಖಾತೆ ತೆರೆಯಲು ಎಷ್ಟು ದಿನ ಹಿಡಿಯಿತು? ಉತ್ತರ ಬಂದ ದಿನ ಒಂದು ಪ್ರತಿ ನಮಗೂ ಕಳಿಸಿಕೊಡಿ, ಅಂಗಡಿಯ ಗೋಡೆಗೆ ಅಂಟಿಸುತ್ತೇನೆ.

ತಮ್ಮ ಮತದಾರ,
ಇಳಕಲ್‌ನ ಒಬ್ಬ ಸೀರೆ ವ್ಯಾಪಾರಿ