ರೂಫ್‌ಟಾಪ್‌ನಲ್ಲಿ ಕೂರುವ ಮುನ್ನ ಅಡುಗೆಮನೆ ಎಲ್ಲಿದೆ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಕಡಲತಡಿಯ ನಗರಗಳ ರೂಫ್‌ಟಾಪ್ ರೆಸ್ಟೋರೆಂಟ್‌ಗಳ ಬಗ್ಗೆ ಪುರವಣಿಗಳಲ್ಲಿ ಬರುವ ಪಟ್ಟಿಗಳಲ್ಲಿ ಮುಕ್ಕಾಲು ಪಾಲು ನೋಟದ ವರ್ಣನೆಯೇ ಇರುತ್ತದೆ. ಸೂರ್ಯ ಎಲ್ಲಿ ಮುಳುಗುತ್ತಾನೆ, ದೀಪದ ಸರ ಹೇಗೆ ತೂಗುತ್ತದೆ ಎಂಬುದೆಲ್ಲ ಸಿಗುತ್ತದೆ. ಊಟ ಮಾತ್ರ ‘ರುಚಿಕರ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ತಾರಸಿಯ ಮೇಲೆ ಊಟ ಕೆಡುವುದಕ್ಕೆ ನೆಲಮಹಡಿಯ ಹೋಟೆಲ್‌ಗಳಿಗಿಲ್ಲದ ಕಾರಣಗಳಿವೆ. ಅವು ತಿಳಿದಿದ್ದರೆ ಒಳ್ಳೆಯ ಜಾಗವನ್ನು ಹತ್ತು ನಿಮಿಷದಲ್ಲಿ ಗುರುತು ಹಿಡಿಯಬಹುದು. ಅದಕ್ಕಾಗಿ ಈ ಪತ್ರ.

ಮೊದಲು ಕೇಳಬೇಕಾದ್ದು ಅಡುಗೆಮನೆ ಯಾವ ಮಹಡಿಯಲ್ಲಿದೆ ಎಂದು. ತಾರಸಿಯಲ್ಲಿ ಅಡುಗೆ ಮಾಡಬೇಕೆಂದರೆ ನೀರು ಏರಿಸಬೇಕು, ಜಿಡ್ಡುನೀರು ಇಳಿಯಲು ಪೈಪು ಬೇಕು, ಗ್ಯಾಸ್ ಬೇಕು, ಹೊಗೆಗೆ ಚಿಮಣಿ ಬೇಕು. ಈ ಖರ್ಚು ಬೇಡವೆಂದು ಬಹಳ ಕಡೆ ಅಡುಗೆ ಕೆಳಗೇ ನಡೆಯುತ್ತದೆ, ತಟ್ಟೆ ಮಾತ್ರ ಮೇಲೆ ಬರುತ್ತದೆ. ಐದಾರು ಮಹಡಿಯ ಕಟ್ಟಡದಲ್ಲಿ ಆ ತಟ್ಟೆ ಮೊದಲು ಸಪ್ಲೈಯರ್‌ಗಾಗಿ ಕಾಯುತ್ತದೆ, ಆಮೇಲೆ ಗಿರಾಕಿಗಳೂ ಬಳಸುವ ಲಿಫ್ಟಿಗಾಗಿ ಕಾಯುತ್ತದೆ. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಲಿಫ್ಟು ಕೊನೆಯ ಮಹಡಿಗೇ ನಿಲ್ಲುತ್ತದೆ. ಅಲ್ಲಿಂದ ತಾರಸಿಗೆ ಮೆಟ್ಟಿಲೇ ಗತಿ, ತಟ್ಟೆಗಳನ್ನು ಕೈಯಲ್ಲೇ ಹೊತ್ತು ತರಬೇಕು. (ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರೂ ಇದನ್ನು ಫೋನಿನಲ್ಲೇ ಕೇಳಿಕೊಳ್ಳಿ.) ಇದೆಲ್ಲ ದಾಟಿ ಮೇಜಿಗೆ ಬರುವಷ್ಟರಲ್ಲಿ ಅಲ್ಲಿ ಗಾಳಿ ಹೊಂಚುಹಾಕಿ ಕೂತಿರುತ್ತದೆ.

ಬಿಸಿ ಪದಾರ್ಥದ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವೊಂದಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಹೆಚ್ಚು ಹೊತ್ತು ನಿಂತು ಬಿಸಿಯನ್ನು ಕಾಪಾಡುತ್ತದೆ. ತಾರಸಿಯ ಗಾಳಿ ಅದನ್ನು ಕ್ಷಣಕ್ಷಣವೂ ಒರೆಸಿಹಾಕುತ್ತದೆ, ಜೊತೆಗೆ ಆವಿಯಾಗುವ ನೀರು ಮತ್ತಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಹಾಗಾಗಿ ರೊಟ್ಟಿ, ಮೀನಿನ ತುಂಡು, ತಟ್ಟೆಯಲ್ಲಿ ಹರವಿದ ಅನ್ನ ಬೇಗ ಆರುತ್ತವೆ. ದಪ್ಪ ಬಟ್ಟಲಿನಲ್ಲಿ ಆಳವಾಗಿ ತುಂಬಿದ ಸಾರು ನಿಧಾನವಾಗಿ ಆರುತ್ತದೆ. ಮುಚ್ಚಿ ತಂದರಾಯಿತಲ್ಲ ಎನ್ನಬಹುದು. ಸಾರಿಗೆ, ಗ್ರೇವಿಗೆ, ಅನ್ನಕ್ಕೆ ಅದು ಸರಿ. ಕರಿದದ್ದಕ್ಕೆ ಮಾತ್ರ ಮುಚ್ಚಳವೇ ವೈರಿ. ಹಬೆ ಮುಚ್ಚಳಕ್ಕೆ ತಾಗಿ, ಹನಿಯಾಗಿ, ಮತ್ತೆ ಅದರ ಮೇಲೇ ಉದುರುತ್ತದೆ, ಗರಿಗರಿ ಹೋಗಿ ಮೆತ್ತಗಾಗುತ್ತದೆ. ತೆರೆದಿಟ್ಟರೂ ಸಮುದ್ರದ ತೇವದ ಗಾಳಿ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ.

ಆದ್ದರಿಂದ ಸಾರು, ಗ್ರೇವಿ ಕೆಳಗೆ ತಯಾರಾಗಿ, ಬಾಣಲೆ, ಕಾವಲಿ, ಗ್ರಿಲ್ ಮೇಲಿರುವ ಏರ್ಪಾಡು ಎಲ್ಲಕ್ಕಿಂತ ಒಳ್ಳೆಯದು. ಅಂಥ ಕಡೆ ಕರಿದದ್ದನ್ನೂ ಸುಟ್ಟದ್ದನ್ನೂ ಧೈರ್ಯವಾಗಿ ತರಿಸಿ. ಎಲ್ಲವೂ ಕೆಳಗಿನಿಂದಲೇ ಬರುವುದಾದರೆ ಬಟ್ಟಲಿನಲ್ಲಿ ಬರುವಂಥದ್ದನ್ನು ಆರಿಸಿ, ಕರಿದದ್ದನ್ನು ಬಿಡಿ. ಅಲ್ಲಿ ಕರಿದದ್ದು ಚೆನ್ನಾಗಿಲ್ಲದಿದ್ದರೆ ಅದು ಬಾಣಸಿಗರ ತಪ್ಪಾಗಿರಬೇಕಿಲ್ಲ, ದಾರಿ ಉದ್ದವಾಯಿತು ಅಷ್ಟೆ. ಆಹಾರ ಸಾಗಿಸಲೆಂದೇ ಪ್ರತ್ಯೇಕ ಪುಟ್ಟ ಲಿಫ್ಟ್ ಇಟ್ಟಿದ್ದರೆ, ತಟ್ಟೆ ಬಿಸಿಮಾಡಿ ಬಡಿಸುತ್ತಿದ್ದರೆ ಮಾಲೀಕರು ಈ ತೊಂದರೆಯನ್ನು ಅರಿತು ದುಡ್ಡು ಸುರಿದಿದ್ದಾರೆ ಎಂದು ತಿಳಿಯಬಹುದು. ಕೂತ ತಕ್ಷಣ ಆರ್ಡರ್ ಕೊಡಬೇಡಿ. ಐದು ನಿಮಿಷ ಪಕ್ಕದ ಮೇಜುಗಳಿಗೆ ಬರುವ ತಟ್ಟೆಗಳನ್ನು ನೋಡಿ. ಬಟ್ಟಲಿನ ಮುಚ್ಚಳ ತೆಗೆದಾಗ ಹಬೆ ಏಳುತ್ತದೆಯೇ? ಒಂದೇ ಮೇಜಿನ ನಾಲ್ವರಿಗೂ ಊಟ ಒಟ್ಟಿಗೆ ಬಂತೇ, ಅಥವಾ ಇಬ್ಬರು ಉಂಡು ಮುಗಿಸುವಾಗ ಉಳಿದಿಬ್ಬರಿಗೆ ಬಂತೇ?

ಬಫೆ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಬಿಸಿಯಾಗಿರಬೇಕಾದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿರಬೇಕಾದ್ದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಆ ನಡುವಿನಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು, ಸುತ್ತಲಿನ ಸೆಕೆ 32 ಡಿಗ್ರಿ ಮೀರಿದ್ದರೆ 1 ಗಂಟೆಗಿಂತ ಹೆಚ್ಚು ಇಡಬಾರದು. ತಾರಸಿಯಲ್ಲಿ ಕೈಕೊಡುವುದು ಪಾತ್ರೆಯಡಿಯ ಉರಿ. ಪಾತ್ರೆಯಡಿ ಇಡುವ ಉರುವಲು ಜೆಲ್ ಡಬ್ಬಿಯ ನೀಲಿ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಗಾಳಿಗೆ ಆರಿದರೂ ಯಾರ ಗಮನಕ್ಕೂ ಬರುವುದಿಲ್ಲ. ಆಹಾರದ ಪಾತ್ರೆಯ ಕೆಳಗಿನ ತಟ್ಟೆಯ ಬಿಸಿನೀರು ಸ್ವಲ್ಪ ಹೊತ್ತು ಬೆಚ್ಚಗೇ ಇರುವುದರಿಂದ ಎಲ್ಲ ಸರಿಯಿದ್ದಂತೆಯೇ ತೋರುತ್ತದೆ. ಉರಿಯ ಸುತ್ತ ತಗಡಿನ ಮರೆ ಇಲ್ಲದ ಬಫೆಯನ್ನು ತಾರಸಿಯಲ್ಲಿ ನಂಬಬೇಡಿ.

ಇನ್ನು ಗಾಳಿಗೂ ಒಂದು ವೇಳಾಪಟ್ಟಿಯಿದೆ. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಬಿಸಿಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ತಂಪುಗಾಳಿ ನುಗ್ಗುತ್ತದೆ. ಈ ಕಡಲಗಾಳಿ ಮಧ್ಯಾಹ್ನದ ಮೇಲೆ ಜೋರಾಗಿ, ಸೂರ್ಯ ಮುಳುಗುವ ಹೊತ್ತಿಗೆ ಇಳಿಯುತ್ತದೆ. ರಾತ್ರಿ ದಿಕ್ಕು ಬದಲಾಗಿ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಮಳೆಗಾಲದ ಬಿರುಸು ಈ ಲೆಕ್ಕಕ್ಕೆ ಸಿಗುವುದಿಲ್ಲ, ಉಳಿದ ದಿನಗಳಿಗೆ ಇದು ಹೊಂದುತ್ತದೆ. ಇದರಿಂದ ಎರಡು ಉಪಯೋಗಗಳಿವೆ. ಮಧ್ಯಾಹ್ನದ ಊಟಕ್ಕೆ ಕಡಲಿಗೆ ಒಡ್ಡಿಕೊಂಡ ಮೇಜು ಬೇಡ. ರಾತ್ರಿಯ ಊಟಕ್ಕಾದರೆ ಅಡುಗೆಮನೆಯ ಚಿಮಣಿ ಎಲ್ಲಿ ಬಾಯಿ ತೆರೆದಿದೆ ನೋಡಿ. ಅದು ಕಟ್ಟಡದ ಹಿಂಬದಿಯಲ್ಲಿದ್ದರೆ ಸಂಜೆ ಆರರವರೆಗೆ ಯಾವ ತೊಂದರೆಯೂ ಕಾಣದು. ಗಾಳಿ ತಿರುಗಿದ ಮೇಲೆ ಎಣ್ಣೆಯ ಹೊಗೆಯೆಲ್ಲ ಕಡಲನೋಟದ ಮೇಜುಗಳ ಮೇಲೇ ಬರುತ್ತದೆ.

ಮೇಜು ಆರಿಸುವಾಗ ಎಲ್ಲರೂ ಅಂಚಿನ ಮೂಲೆಯನ್ನೇ ಕೇಳುತ್ತಾರೆ. ಕಟ್ಟಡಕ್ಕೆ ಬಡಿದ ಗಾಳಿ ಗೋಡೆಗುಂಟ ಮೇಲೇರಿ ಪ್ಯಾರಪೆಟ್ (ತಾರಸಿಯಂಚಿನ ಗಿಡ್ಡ ಗೋಡೆ) ಹಾರಿ ಬರುತ್ತದೆ, ಮೂಲೆಗಳಲ್ಲಿ ಅದರ ವೇಗ ಇನ್ನೂ ಹೆಚ್ಚು. ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳು ನಾಲ್ಕರಷ್ಟಾಗುತ್ತದೆ. ಮೂಲೆಯ ಮೇಜಿನಲ್ಲಿ ಟಿಶ್ಯೂ ಹಾರುವಾಗ ಎರಡನೇ ಸಾಲಿನವರು ಆರಾಮವಾಗಿ ಉಣ್ಣುತ್ತಿರುತ್ತಾರಲ್ಲ, ಇದೇ ಕಾರಣ. ಮರೆ ಇದ್ದರೆ ಅದು ಎಂಥದ್ದೆಂದು ನೋಡಿ. ಪೂರ್ತಿ ಮುಚ್ಚಿದ ಹಲಗೆಯ ಹಿಂದೆ ಗಾಳಿ ಸುಳಿಯಾಗಿ ತಿರುಗುತ್ತದೆ. ಅರ್ಧದಷ್ಟು ಸಂದು ಬಿಟ್ಟ ಜಾಲಿ ಅಥವಾ ದಟ್ಟ ಗಿಡಗಳ ಸಾಲು ಗಾಳಿಯನ್ನು ಸೋಸಿ ಮೆತ್ತಗೆ ಮಾಡುತ್ತದೆ. ಎರಡನೇ ಸಾಲು, ಮುಂದೆ ಗಿಡಗಳ ಮರೆ, ಕುರ್ಚಿ ಕಡಲಿಗೆ ಪಕ್ಕವಾಗಿ: ಹೀಗೆ ಕೂತರೆ ನೋಟವೂ ಸಿಗುತ್ತದೆ, ಊಟವೂ ಬಿಸಿಯಿರುತ್ತದೆ.

ಕಡಲು ಪಶ್ಚಿಮಕ್ಕಿದ್ದರೆ ಸೂರ್ಯ ಮುಳುಗುವ ಮೊದಲಿನ ಒಂದು ಗಂಟೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಪಕ್ಕವಾಗಿ ಕೂರುವುದಕ್ಕೆ ಅದೂ ಒಂದು ಕಾರಣ. ಪೂರ್ವಕ್ಕೆ ಕಡಲಿರುವ ನಗರಗಳಲ್ಲಿ ಸೂರ್ಯಾಸ್ತದ ಹೆಸರಿನಲ್ಲಿ ಮೇಜು ಮಾರುವುದಕ್ಕೆ ಅರ್ಥವಿಲ್ಲ, ಅಲ್ಲಿ ಹುಣ್ಣಿಮೆಯ ದಿನ ಹೋಗಬೇಕು. ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ನೀರಿನಿಂದ ಮೇಲೆ ಬರುತ್ತಾನೆ. ಮರುದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ.

ಸೂರ್ಯಾಸ್ತಕ್ಕೂ ಅಡುಗೆಗೂ ಒಂದು ನಂಟಿದೆ, ಅದನ್ನು ಯಾರೂ ಹೇಳುವುದಿಲ್ಲ. ಸೂರ್ಯ ಮುಳುಗುವ ತನಕ ಎಲ್ಲರೂ ಪಾನೀಯ ಹಿಡಿದು ಚಿತ್ರ ತೆಗೆಯುತ್ತಿರುತ್ತಾರೆ. ಉಷ್ಣವಲಯದ ಊರುಗಳಲ್ಲಿ ಸಂಜೆಬೆಳಕು 20–25 ನಿಮಿಷಕ್ಕೇ ಮಾಯವಾಗುತ್ತದೆ, ಕತ್ತಲಾದ ಕೂಡಲೇ ಎಲ್ಲ ಮೇಜುಗಳಿಂದಲೂ ಆರ್ಡರ್ ಒಟ್ಟಿಗೆ ಹೋಗುತ್ತದೆ. ನಾಲ್ಕು ಒಲೆಯ ಅಡುಗೆಮನೆಗೆ ನಲವತ್ತು ಚೀಟಿ ಬಂದರೆ ಎಂಥ ಬಾಣಸಿಗರೂ ಅವಸರಕ್ಕೆ ಬೀಳುತ್ತಾರೆ. ಎಣ್ಣೆ ಕಾಯುವ ಮೊದಲೇ ತುಂಡುಗಳು ಬಾಣಲೆಗೆ ಬೀಳುತ್ತವೆ, ಎಣ್ಣೆ ಕುಡಿಯುತ್ತವೆ. ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಬಂದು, ಮುಖ್ಯ ಊಟವನ್ನೂ ಆಗಲೇ ಹೇಳಿ, ಎಷ್ಟು ಹೊತ್ತಿಗೆ ಬೇಕೆಂದು ತಿಳಿಸಿಬಿಡಿ. ಅಡುಗೆಯವರಿಗೂ ಇದರಿಂದ ಉಪಕಾರವಾಗುತ್ತದೆ.

ಕಡಲು ಕಣ್ಣೆದುರಿಗಿದ್ದ ಮಾತ್ರಕ್ಕೆ ತಟ್ಟೆಯ ಮೀನು ಆ ಕಡಲಿನದೇ ಆಗಿರಬೇಕಿಲ್ಲ. ‘ಇವತ್ತು ಯಾವ ಮೀನು ಬಂದಿದೆ’ ಎಂದು ಕೇಳಿ. ಎರಡು ಮೂರು ಹೆಸರು ಹೇಳಿ ‘ಉಳಿದದ್ದು ಇವತ್ತಿಲ್ಲ’ ಎನ್ನುವ ಸಪ್ಲೈಯರ್ ಮಾತನ್ನು ನಂಬಬಹುದು. ವರ್ಷದ ಎಲ್ಲ ದಿನವೂ ಎಲ್ಲ ಮೀನೂ ಇರುವ ಕಡೆ ಅವು ಫ್ರೀಜರಿನಿಂದ ಬರುತ್ತಿವೆ ಎಂದರ್ಥ. ಫ್ರೀಜರಿನ ಮೀನೆಂದರೆ ಕೆಟ್ಟದ್ದೆಂದಲ್ಲ. ಮೈನಸ್ 18 ಡಿಗ್ರಿಯಲ್ಲಿ ಬಿಡದೆ ಇಟ್ಟು, ಫ್ರಿಜ್‌ನಲ್ಲೇ ನಿಧಾನವಾಗಿ ಕರಗಿಸಿದರೆ ಚೆನ್ನಾಗಿಯೇ ಇರುತ್ತದೆ. ಅವಸರಕ್ಕೆ ಹೊರಗಿಟ್ಟು ಕರಗಿಸಿದರೆ ನೀರು ಬಿಟ್ಟುಕೊಂಡು ಹಿಂಜಿ ಹಿಂಜಿ ಆಗುತ್ತದೆ. ತಾರಸಿಯಲ್ಲಿ ಮೀನನ್ನು ಪ್ರದರ್ಶನಕ್ಕಿಡುವ ಪದ್ಧತಿಯಿದ್ದರೆ ಮೀನು ಐಸಿನ ಒಳಗೆ ಹುದುಗಿರಬೇಕು, ಐಸಿನ ಮೇಲೆ ಒರಗಿಸಿಟ್ಟರೆ ಮೇಲ್ಮೈ ದೀಪದ ಬಿಸಿಗೂ ಗಾಳಿಗೂ ಕಾಯುತ್ತದೆ, ಒಣಗುತ್ತದೆ. ಕರಗಿದ ನೀರು ಹರಿದುಹೋಗಲು ದಾರಿಯೂ ಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಗುಳಿ ಕೂಡಲೇ ತುಂಬಿಕೊಳ್ಳಬೇಕು.

ಬಂಗುಡೆ, ಬೂತಾಯಿ, ಟ್ಯೂನಾ ವಿಷಯದಲ್ಲಿ ಐಸಿನ ಶಿಸ್ತು ಇನ್ನೂ ಮುಖ್ಯ. ಹಿಡಿದ ಮೇಲೆ ತಂಪು ತಪ್ಪಿದರೆ ಇವುಗಳ ಮಾಂಸದಲ್ಲಿ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮೀನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ. ಬೇಯಿಸಿದರೂ, ಹುರಿದರೂ, ಮತ್ತೆ ಐಸಿಗಿಟ್ಟರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ಕಾಯುವುದು, ತಲೆನೋವು, ತುರಿಕೆ ಶುರುವಾಗಬಹುದು. ಕಚ್ಚಿದ ಕೂಡಲೇ ಮಸಾಲೆಗೆ ಸಂಬಂಧವಿಲ್ಲದ ಚುರುಚುರು ನಾಲಿಗೆಗೆ ತಾಗಿದರೆ ತಟ್ಟೆಯನ್ನು ಪಕ್ಕಕ್ಕಿಡಿ, ಸಂಕೋಚ ಬೇಡ. ಬೆಂದ ಮೇಲೂ ಬಾಯಿ ತೆರೆಯದ ಚಿಪ್ಪುಗಳನ್ನೂ ಬಿಟ್ಟುಬಿಡಿ.

ಮೆನು ಎಷ್ಟು ಉದ್ದವಿದೆ ಎಂಬುದೂ ಸುಳಿವು ಕೊಡುತ್ತದೆ. ಒಂದು ಪುಟದ ಮೆನು ಒಳ್ಳೆಯ ಲಕ್ಷಣ.

ಊಟ ಎಷ್ಟೇ ಚೆನ್ನಾಗಿರಲಿ, ಇಳಿಯಲು ಎರಡನೇ ಮೆಟ್ಟಿಲಿಲ್ಲದ ತಾರಸಿಯಲ್ಲಿ ಕೂರಬಾರದು. 2017ರ ಡಿಸೆಂಬರ್ 29ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಮುಂಬೈನ ಕಮಲಾ ಮಿಲ್ಸ್ ಆವರಣದ ತಾರಸಿ ರೆಸ್ಟೋರೆಂಟ್‌ಗಳಲ್ಲಿ ಬೆಂಕಿ ಹಬ್ಬಿ 14 ಜನ ಸತ್ತರು. ಹೆಚ್ಚಿನವರ ಪ್ರಾಣ ತೆಗೆದದ್ದು ಹೊಗೆ. ಬಟ್ಟೆ, ಬಿದಿರು, ಹುಲ್ಲಿನ ಚಾವಣಿಗೆ ಕಡಲಗಾಳಿ ಸೇರಿದರೆ ಒಂದು ಕಿಡಿ ಸಾಕು. ಇದ್ದಿಲ ಗ್ರಿಲ್ ಅಂಥ ಚಾವಣಿಯ ಕೆಳಗಿದ್ದರೆ ಎದ್ದು ಬನ್ನಿ. ಎರಡು ಮೆಟ್ಟಿಲುಗಳೂ ಒಂದರಿಂದೊಂದು ದೂರ ಇರಬೇಕು, ಎರಡನೆಯದರ ಬಾಗಿಲಿಗೆ ಬೀಗ ಇರಬಾರದು, ಅದರ ಮುಂದೆ ಮುರಿದ ಕುರ್ಚಿಗಳನ್ನೂ ಕ್ರೇಟುಗಳನ್ನೂ ಪೇರಿಸಿರಬಾರದು. ಕೈತೊಳೆಯಲು ಎದ್ದಾಗ ನೋಡಿಕೊಂಡು ಬಂದರೆ ಎರಡು ನಿಮಿಷದ ಕೆಲಸ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ತಂಗುತ್ತದೆ. ಸಿಲಿಂಡರುಗಳನ್ನು ಮೆಟ್ಟಿಲ ಬಾಯಲ್ಲಿಟ್ಟಿದ್ದರೆ ಅದು ಕೆಳಗಿಳಿಯುವುದು ಜನ ಓಡಬೇಕಾದ ದಾರಿಗೇ.

ರೇಲಿಂಗನ್ನೂ ಒಮ್ಮೆ ಬಗ್ಗಿ ನೋಡಿ. ಉಪ್ಪಿನ ಗಾಳಿಗೆ ಸ್ಟೀಲಿನ ಮೇಲೆ ಕಂದು ಕಲೆ ಬೀಳುವುದು ಸಹಜ, ಅದು ಒರೆಸಿದರೆ ಹೋಗುತ್ತದೆ. ಭಯಪಡಬೇಕಾದ್ದು ಬುಡದ ಪ್ಲೇಟು, ಬೋಲ್ಟುಗಳು ತುಕ್ಕು ಹಿಡಿದು ಪದರ ಪದರವಾಗಿ ಎದ್ದಿದ್ದರೆ. ಕಡಲತಡಿಗೆ ಮಾಲಿಬ್ಡಿನಮ್ ಬೆರೆತ 316 ದರ್ಜೆಯ ಸ್ಟೀಲು ತಕ್ಕದ್ದು. ಅಗ್ಗವೆಂದು 304 ಹಾಕಿದ ಕಡೆ ಈ ಕಲೆ ಬೇಗ ಬರುತ್ತದೆ, ಉಜ್ಜುವ ಕೆಲಸ ಹೆಚ್ಚು. ಕಂಬಿಗಳ ಸಂದು 10 ಸೆಂಟಿಮೀಟರಿಗಿಂತ ಅಗಲವಿದ್ದರೆ ಮಕ್ಕಳನ್ನು ಅಂಚಿನ ಮೇಜಿಗೆ ಕರೆದೊಯ್ಯಬೇಡಿ.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟೆ. ಇನ್ನು ಮುಂದೆ ಇಂಥ ಜಾಗಗಳ ಬಗ್ಗೆ ಬರೆಯುವಾಗ ಚಿತ್ರದ ಪಕ್ಕ ಪುಟ್ಟ ಚೌಕದಲ್ಲಿ ನಾಲ್ಕು ಸಂಗತಿ ಹಾಕಿ: ಅಡುಗೆಮನೆ ಯಾವ ಮಹಡಿಯಲ್ಲಿದೆ, ಕರಿಯುವ ಬಾಣಲೆ ಎಲ್ಲಿದೆ, ಲಿಫ್ಟು ತಾರಸಿಯವರೆಗೆ ಹೋಗುತ್ತದೆಯೇ, ಎರಡನೇ ಮೆಟ್ಟಿಲು ಎಲ್ಲಿದೆ. ಹಾಗೆಯೇ ತಮ್ಮ ವಿಮರ್ಶಕರು ಮಾಲೀಕರ ಆಹ್ವಾನದ ಮೇಲೆ ಖಾಲಿ ಮಧ್ಯಾಹ್ನದಲ್ಲಿ ಹೋಗದಿರಲಿ. ಶನಿವಾರ ರಾತ್ರಿ ಎಂಟೂವರೆಗೆ, ಹೇಳದೆ ಕೇಳದೆ ಹೋಗಿ, ಎರಡನೇ ಸಾಲಿನ ಮೇಜಿನಲ್ಲಿ ಕೂತು, ಒಂದು ಗ್ರೇವಿ, ಒಂದು ಕರಿದದ್ದು ತರಿಸಿ ನೋಡಲಿ. ಓದುಗರು ಹೋಗುವುದು ಆ ಹೊತ್ತಿಗೇ.

ಇತಿ,
ಒಬ್ಬ ಓದುಗ