ಬಿವಾ ಸರೋವರಕ್ಕೆ ಹೊರಟಿರುವ ಅನಿರುದ್ಧನಿಗೆ

ಚಿ. ಅನಿರುದ್ಧನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಏಪ್ರಿಲ್ ಎರಡನೇ ವಾರದಲ್ಲಿ ಅಕ್ಕ-ಭಾವನನ್ನು ಜಪಾನಿಗೆ ಕರೆದುಕೊಂಡು ಹೋಗುತ್ತೀಯೆಂದು ತಿಳಿದು ತುಂಬಾ ಸಂತೋಷವಾಯಿತು. ನೀನು ಕಳಿಸಿದ ಪಟ್ಟಿಯನ್ನು ಪೂರ್ತಿ ಓದಿದೆ. ಕ್ಯೋಟೋದಲ್ಲಿ ನಾಲ್ಕು ರಾತ್ರಿ, ಅದರಲ್ಲಿ ಒಂದು ಹಗಲು ಬಿವಾ ಸರೋವರ ಎಂದು ಬರೆದಿದ್ದೀಯಲ್ಲ, ಅದೊಂದನ್ನು ಬದಲಿಸು. ಆ ಕೆರೆ ಸುಮಾರು 670 ಚದರ ಕಿಲೋಮೀಟರು. ಅದಿರುವ ಶಿಗಾ ಪ್ರಾಂತ್ಯದ ಆರನೇ ಒಂದು ಪಾಲು ಬರೀ ನೀರು. ನೋಡಬೇಕಾದ ಊರುಗಳು ಪೂರ್ವ ದಂಡೆಯಲ್ಲಿ ಒಂದಷ್ಟು, ಪಶ್ಚಿಮ ದಂಡೆಯಲ್ಲಿ ಒಂದಷ್ಟು. ಎರಡು ಕಡೆಗೂ ಬೇರೆ ಬೇರೆ ರೈಲು ಮಾರ್ಗ. ಒಂದೇ ದಿನದಲ್ಲಿ ಮುಗಿಸಲು ಹೊರಟರೆ ಕಿಟಕಿಯಿಂದ ಗದ್ದೆ ನೋಡಿಕೊಂಡು ವಾಪಸು ಬರುತ್ತೀರಿ, ಅಷ್ಟೆ. ಕ್ಯೋಟೋದ ಎರಡು ರಾತ್ರಿ ಕಡಿಮೆ ಮಾಡು, ಒಂದು ರಾತ್ರಿ ಹೊಸದಾಗಿ ಸೇರಿಸು, ಮೂರು ರಾತ್ರಿ ಕೆರೆಯ ಸುತ್ತಮುತ್ತಲೇ ಉಳಿಯಿರಿ. ಪೂರ್ವದಲ್ಲಿ ಇಳಿದು, ದೋಣಿಯಲ್ಲಿ ಕೆರೆ ದಾಟಿ, ಪಶ್ಚಿಮದಿಂದ ಕ್ಯೋಟೋಗೆ ಹೋಗುವುದೇ ಸರಿಯಾದ ದಾರಿ.

ಬೆಂಗಳೂರಿನಿಂದ ನರಿತಾಗೆ ನೇರ ವಿಮಾನದಲ್ಲಿ ಹೋಗಿ ಟೋಕಿಯೋ ನೋಡಿಕೊಂಡು ಹೊರಡುತ್ತೀರಲ್ಲ, ಅಲ್ಲಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಕ್ಯೋಟೋವರೆಗೆ ಹೋಗಿ ಹಿಂದಕ್ಕೆ ಬರಬೇಡಿ. ಕ್ಯೋಟೋಗೆ ಒಂದು ನಿಲ್ದಾಣ ಮೊದಲು ಮೈಬಾರಾ ಬರುತ್ತದೆ. ನೊಝೋಮಿ ಎಂಬ ಬುಲೆಟ್ ರೈಲು ಅಲ್ಲಿ ನಿಲ್ಲುವುದಿಲ್ಲ, ಕೆಲವು ಹಿಕಾರಿ ಮತ್ತು ಎಲ್ಲಾ ಕೊದಾಮಾ ರೈಲು ನಿಲ್ಲುತ್ತವೆ. ಹಿಕಾರಿಯಲ್ಲಿ ಎರಡೂಕಾಲು ಗಂಟೆಯ ಆಸುಪಾಸು. ಮೈಬಾರಾದಿಂದ ಪೂರ್ವ ದಂಡೆಯ ಹಿಕೊನೆ ಊರಿಗೆ ಲೋಕಲ್ ರೈಲಿನಲ್ಲಿ ಐದು ನಿಮಿಷ. ಉದ್ದ, ಅಗಲ, ಎತ್ತರ ಮೂರೂ ಕೂಡಿದರೆ 160 ಸೆಂಟಿಮೀಟರಿಗಿಂತ ಹೆಚ್ಚಾಗುವ ಸೂಟ್‌ಕೇಸ್ ಇದ್ದರೆ ಸೀಟು ಕಾಯ್ದಿರಿಸುವಾಗಲೇ ದೊಡ್ಡ ಲಗೇಜಿನ ಜಾಗವಿರುವ ಸೀಟು ಕೇಳು. ಕೇಳದೆ ಹತ್ತಿದರೆ 1000 ಯೆನ್ ದಂಡ. 2023ರ ಅಕ್ಟೋಬರಿನಲ್ಲಿ ಏಳು ದಿನದ ಜೆಆರ್ ರೈಲು ಪಾಸ್ 50,000 ಯೆನ್‌ಗೆ ಏರಿತು. ನಿಮ್ಮ ಓಡಾಟಕ್ಕೆ ಅದು ನಷ್ಟ. ಒಂದೊಂದು ಟಿಕೆಟ್ಟೇ ತೆಗೆದುಕೋ, ಲೋಕಲ್ಲಿಗೆ ಮೊದಲೇ ಹಣ ತುಂಬಿಸುವ ಇಕೋಕಾ ಕಾರ್ಡು ಸಾಕು. ಮೈಬಾರಾದಿಂದ ಉತ್ತರಕ್ಕೆ ಹೋಗುವ ವೇಗದ ಶಿನ್‌ಕೈಸೊಕು ರೈಲುಗಳಲ್ಲಿ ಕೆಲವು ಬೋಗಿಗಳನ್ನು ಅಲ್ಲೇ ಕಳಚುತ್ತಾರೆ. ನಾಗಹಾಮಾಗೆ ಹೋಗುವ ಬೋಗಿ ಯಾವುದೆಂದು ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ನೋಡಿಕೊಂಡೇ ಹತ್ತು.

ಹಿಕೊನೆಯಲ್ಲಿ ಎರಡು ರಾತ್ರಿ ಉಳಿಯಿರಿ. ನಾಗಹಾಮಾದಲ್ಲಿ ಏಪ್ರಿಲ್ 13ರಿಂದ 16ರವರೆಗೆ ಹಿಕಿಯಾಮಾ ಎಂಬ ತೇರಿನ ಉತ್ಸವ ಇರುತ್ತದೆ. 15ನೇ ತಾರೀಖು ಅದರ ಮುಖ್ಯ ದಿನ. ಆಗ ಅಲ್ಲಿ ರೂಮು ಸಿಗುವುದು ಕಷ್ಟ. ಹಿಕೊನೆಯಿಂದ ರೈಲಿನಲ್ಲಿ ಹೋಗಿ ಬರುವುದು ಸುಲಭ. ಆದರೆ ಆ ಉತ್ಸವವನ್ನು ಮಾತ್ರ ತಪ್ಪಿಸಬೇಡ. ರಂಗಸ್ಥಳವಿರುವ ತೇರುಗಳು ಹನ್ನೆರಡು. ವರ್ಷಕ್ಕೆ ನಾಲ್ಕರಂತೆ ಸರದಿಯ ಮೇಲೆ ಹೊರಡುತ್ತವೆ. ಪ್ರತಿ ತೇರಿನ ಮೇಲೂ ಐದರಿಂದ ಹನ್ನೆರಡು ವರ್ಷದ ಗಂಡುಮಕ್ಕಳು ಪೂರ್ತಿ ವೇಷ ಕಟ್ಟಿ ಕಬುಕಿ ಎಂಬ ಜಪಾನಿನ ಸಾಂಪ್ರದಾಯಿಕ ನಾಟಕ ಆಡುತ್ತಾರೆ, ಹೆಣ್ಣಿನ ಪಾತ್ರವೂ ಅವರದೇ. ಯಕ್ಷಗಾನದ ಬಾಲಗೋಪಾಲ ವೇಷ ನೋಡಿ ಬೆಳೆದ ಭಾವನಿಗೆ ಇದಕ್ಕಿಂತ ಹೆಚ್ಚಿನದು ಜಪಾನಿನಲ್ಲಿ ಸಿಗಲಾರದು. ಹಾಚಿಮಾನ್ ಗುಡಿಯ ಮುಂದೆ ನೂಕುನುಗ್ಗಲು ಇರುತ್ತದೆ. ಅದೇ ಆಟವನ್ನು ಬೀದಿಯಲ್ಲೂ ಆಡುತ್ತಾರೆ, ಅಲ್ಲಿ ಹತ್ತಿರದಿಂದ ನೋಡಬಹುದು.

ಹಿಕೊನೆ ಕೋಟೆ ನಿಲ್ದಾಣದಿಂದ ನಡೆದು ಹದಿನೈದು ನಿಮಿಷ. ರಾಷ್ಟ್ರೀಯ ನಿಧಿ ಎಂದು ಘೋಷಿಸಿರುವ ಐದೇ ಐದು ಕೋಟೆಗೋಪುರಗಳಲ್ಲಿ ಇದೊಂದು. ಇಯಿ ಮನೆತನದವರು 1600ರ ದಶಕದ ಆರಂಭದಲ್ಲಿ ಕಟ್ಟಿಸಿದ್ದು. ಗೋಪುರದ ಮರಮುಟ್ಟನ್ನು ಓತ್ಸು ಕೋಟೆಯಿಂದ ಬಿಚ್ಚಿ ತಂದು ಮರುಜೋಡಿಸಿದರು. ಬೆಳಿಗ್ಗೆ 8.30ಕ್ಕೆ ಬಾಗಿಲು ತೆರೆಯುತ್ತದೆ, ಆಗಲೇ ಹೋಗಿ. ಬೆಟ್ಟ ಹತ್ತುವ ಕಲ್ಲಿನ ಮೆಟ್ಟಿಲುಗಳು ಒಂದರಂತೆ ಒಂದಿಲ್ಲ. ಒಂದು ಅಗಲ, ಒಂದು ಗಿಡ್ಡ. ಶತ್ರು ಒಂದೇ ಲಯದಲ್ಲಿ ಓಡಿ ಹತ್ತಬಾರದೆಂದೇ ಹಾಗೆ ಕಟ್ಟಿದ್ದು. ನಾಲ್ಕು ನೂರು ವರ್ಷದ ಮೇಲೂ ಆ ಮೆಟ್ಟಿಲು ತನ್ನ ಕೆಲಸ ಮಾಡುತ್ತದೆ, ಅಕ್ಕನ ಮಂಡಿಗೆ ಅದರಿಂದಲೇ ತೊಂದರೆ. ಗೋಪುರದ ಒಳಗೆ ಹೋಗುವಾಗ ಚಪ್ಪಲಿ, ಶೂ ಬಿಚ್ಚಿ ಚೀಲದಲ್ಲಿ ಕೈಯಲ್ಲೇ ಹಿಡಿದುಕೊಳ್ಳಬೇಕು. ಒಳಗಿನ ಮರದ ಮೆಟ್ಟಿಲು 60 ಡಿಗ್ರಿಗಿಂತ ಕಡಿದು, ಏಣಿಯೆಂದೇ ಹೇಳಬೇಕು. ಕಾಲುಚೀಲದಲ್ಲಿ ಸವೆದು ನುಣುಪಾದ ಹಲಗೆಯ ಮೇಲೆ ಜಾರುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಬೀಳುವವರು ಜಾಸ್ತಿ. ಎರಡೂ ಕೈ ಖಾಲಿ ಇರಲಿ, ಬೆನ್ನು ಹೊರಗೆ ಮಾಡಿ ಹಿಮ್ಮುಖವಾಗಿ ಇಳಿ. ಅಕ್ಕನನ್ನು ಅಲ್ಲಿಗೆ ಒಯ್ಯಬೇಡ. ಕೆಳಗೆ ಸಮತಟ್ಟಿನಲ್ಲಿ ಗೆಂಕ್ಯೂಎನ್ ತೋಟವಿದೆ. ಕೊಳದ ಆಚೆ ಗೋಪುರ ಪೂರ್ತಿ ಕಾಣುತ್ತದೆ. ಪಕ್ಕದಲ್ಲೇ ಅರಮನೆಯನ್ನು ಮರುನಿರ್ಮಿಸಿದ ವಸ್ತುಸಂಗ್ರಹಾಲಯ, ಇಯಿ ಯೋಧರ ಕೆಂಪು ಕವಚಗಳು ಅಲ್ಲಿವೆ. ಅವರಿಬ್ಬರೂ ಅಲ್ಲಿರಲಿ, ಮೇಲೆ ನೀನೊಬ್ಬನೇ ಹೋಗಿ ಬಾ.

ಮೇಲೆ ಹೋದವನು ಗೋಡೆಯ ಸಣ್ಣ ಕಂಡಿಗಳನ್ನು ಹತ್ತಿರದಿಂದ ನೋಡು. ಒಳಗಿನಿಂದ ತ್ರಿಕೋನ, ಚೌಕ ಆಕಾರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ, ಹೊರಗೆ ಬಂದು ನೋಡಿದರೆ ಒಂದೂ ಇಲ್ಲ. ಹೊರಮೈಗೆ ಗಾರೆ ಬಳಿದು ಮುಚ್ಚಿದ್ದಾರೆ. ಯುದ್ಧ ಬಂದರೆ ಒಳಗಿನಿಂದ ಒಡೆದು ಕೋವಿ, ಬಾಣ ತೂರಿಸುವ ಉಪಾಯ. ಈ ಕೋಟೆಗೆ ಯುದ್ಧ ಬರಲೇ ಇಲ್ಲ, ಗಾರೆ ಹಾಗೇ ಉಳಿಯಿತು.

ಓಮಿಹಾಚಿಮಾನ್‌ಗೆ ಅರ್ಧ ದಿನ ಸಾಕು. ನಿಲ್ದಾಣದಿಂದ ಹಳೇ ಊರು ಎರಡೂವರೆ ಕಿಲೋಮೀಟರು, ಆ ದಾರಿಯಲ್ಲಿ ನೋಡುವಂಥದ್ದೇನಿಲ್ಲ, ಬಸ್ಸು ಹಿಡಿ. 1585ರಲ್ಲಿ ಟೊಯೊಟೊಮಿ ಹಿದೆತ್ಸುಗು ಬೆಟ್ಟದ ಮೇಲೆ ಕೋಟೆ ಕಟ್ಟಿದಾಗ ತೋಡಿಸಿದ ಕಾಲುವೆಯೇ ಈ ಊರಿನ ಜೀವ. ಕೆರೆಯ ಸರಕು ದೋಣಿಯಲ್ಲೇ ಅಂಗಡಿಯ ಹಿತ್ತಿಲಿಗೆ ಬರುತ್ತಿತ್ತು, ಓಮಿ ಎಂಬ ಈ ಸೀಮೆಯ ವರ್ತಕರು ಬೆಳೆದದ್ದು ಹೀಗೆ. ಬೆಳಗಿನ ಹೊತ್ತು ಕಾಲುವೆಯ ಕಲ್ಲುದಾರಿಯಲ್ಲಿ ನಡೆಯಿರಿ. ಸಂಜೆ ಐದಕ್ಕೆ ಅಂಗಡಿ, ಹೋಟೆಲು ಹೆಚ್ಚುಕಮ್ಮಿ ಮುಚ್ಚಿಬಿಡುತ್ತವೆ, ಊಟವಿಲ್ಲದೆ ಪೇಚಾಡಬೇಡಿ.

ಈಗ ಮುಖ್ಯವಾದದ್ದು, ಚಿಕುಬುಶಿಮಾ ದ್ವೀಪ. ಎಲ್ಲಕ್ಕಿಂತ ಮೊದಲು ಇದರ ದಿನ ಗೊತ್ತುಮಾಡು, ಉಳಿದದ್ದನ್ನು ಅದರ ಸುತ್ತ ಹೊಂದಿಸು. ನಾಗಹಾಮಾ ಬಂದರಿನಿಂದ ಅರ್ಧ ಗಂಟೆಯ ದೋಣಿ ಪಯಣ. ಅಲ್ಲಿಂದ ಮತ್ತೊಂದು ದೋಣಿ ಎದುರು ದಂಡೆಯ ಇಮಾಝುಗೆ ಒಯ್ಯುತ್ತದೆ. ಟಿಕೆಟ್ ಕೊಳ್ಳುವಾಗಲೇ ಇಮಾಝು ಕಡೆ ಇಳಿಯುತ್ತೇವೆಂದು ಹೇಳಬೇಕು. ಹೋಗಿಬರುವ ಟಿಕೆಟ್ ಕೊಂಡರೆ ನಾಗಹಾಮಾಗೇ ವಾಪಸಾಗಬೇಕಾಗುತ್ತದೆ. ದಿನಕ್ಕೆ ಕೆಲವೇ ದೋಣಿ, ಗಾಳಿ ಜೋರಾದರೆ ಅದೂ ರದ್ದು. ಹಾಗಾಗಿ ಇದನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬೇಡ. ಇವತ್ತು ತಪ್ಪಿದರೆ ನಾಳೆ ಹೋಗುವಂತಿರಬೇಕು. ಸೂಟ್‌ಕೇಸ್‌ಗಳನ್ನು ದ್ವೀಪಕ್ಕೆ ಒಯ್ಯುವುದು ಬೇಡವೇ ಬೇಡ. ಹಿಂದಿನ ದಿನವೇ ಹಿಕೊನೆ ಹೋಟೆಲಿನ ಕೌಂಟರಿನಲ್ಲಿ ತಕ್ಯೂಬಿನ್ (ಸಾಮಾನು ತಲುಪಿಸುವ ಸೇವೆ) ಎಂದು ಹೇಳಿ ಕ್ಯೋಟೋ ಹೋಟೆಲಿಗೆ ಕಳಿಸು. ಒಂದು ರಾತ್ರಿಯ ಬಟ್ಟೆ, ಮಾತ್ರೆ, ಪಾಸ್‌ಪೋರ್ಟು ಮಾತ್ರ ಕೈಚೀಲದಲ್ಲಿರಲಿ.

ಸುತ್ತಳತೆ ಎರಡು ಕಿಲೋಮೀಟರಿನ ಈ ದ್ವೀಪದಲ್ಲಿ ಯಾರ ಮನೆಯೂ ಇಲ್ಲ, ರಾತ್ರಿ ಉಳಿಯುವಂತಿಲ್ಲ. ದಡದಿಂದಲೇ 165 ಕಲ್ಲು ಮೆಟ್ಟಿಲು, ಬೇರೆ ಸುಲಭದ ದಾರಿ ಇಲ್ಲ. ಇಲ್ಲಿ ಮಾತ್ರ ಅಕ್ಕನನ್ನು ಬಿಡಬೇಡ. ನಿಧಾನವಾಗಿ, ಕೈಹಿಡಿಯ ಪಕ್ಕದಲ್ಲಿ, ಅಲ್ಲಲ್ಲಿ ನಿಂತು ಹತ್ತಲಿ. ಯಾಕೆಂದರೆ ಮೇಲೆ ಹೋಗೊಂಜಿ ದೇವಾಲಯದಲ್ಲಿ ಇರುವವಳು ನಮ್ಮ ಸರಸ್ವತಿ. ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಹೋಗಿ ಅಲ್ಲಿ ಬೆಂಝೈತೆನ್ ಆದಳು. ಎನೊಶಿಮಾ, ಇತ್ಸುಕುಶಿಮಾ, ಚಿಕುಬುಶಿಮಾ ಮೂರೂ ಅವಳ ದೊಡ್ಡ ಕ್ಷೇತ್ರಗಳು, ಮೂರೂ ನೀರಿನ ನಡುವೆ. ಶೃಂಗೇರಿಯ ಶಾರದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಆಶ್ಚರ್ಯವಾದೀತು. ಈ ದ್ವೀಪದವಳಿಗೆ ಎಂಟು ಕೈ, ಕೈಯಲ್ಲಿ ಆಯುಧ. ಮೂಲಮೂರ್ತಿಯನ್ನು ಅರವತ್ತು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತಾರೆ, ಮುಂದಿನ ಸರದಿ 2037. ಮುಂದೆ ಕಾಣುವುದು ಬೇರೆ ಮೂರ್ತಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ದರುಮಾ ಗೊಂಬೆ ಕೊಳ್ಳಲು ಸಿಗುತ್ತದೆ. ಚೀಟಿಯಲ್ಲಿ ಹರಕೆ ಬರೆದು ಅದರೊಳಗೆ ಸೇರಿಸಿ ದೇವಿಯ ಮುಂದೆ ಇಟ್ಟು ಬರಬೇಕು, ಮನೆಗೆ ತರುವುದಲ್ಲ. ಕನ್ನಡದಲ್ಲೇ ಬರೆಯಲಿ.

ಅಲ್ಲಿಂದ ಕೆಳಗಿಳಿದರೆ ಕೆತ್ತನೆಯ ಕರಾಮೋನ್ ಬಾಗಿಲು, ಆಮೇಲೆ ಕಡಿದಾದ ಇಳಿಜಾರಿನಲ್ಲಿ ಮರದ ಕಂಬಗಳ ಮೇಲೆ ನಿಂತ ಉದ್ದ ಮೊಗಸಾಲೆ. ಜಪಾನನ್ನಾಳಿದ ಟೊಯೊಟೊಮಿ ಹಿದೆಯೋಶಿಯ ಹಡಗಿನ ಮರದಿಂದ ಕಟ್ಟಿದ್ದೆಂಬ ನಂಬಿಕೆ. ಅದನ್ನು ದಾಟಿದರೆ ತ್ಸುಕುಬುಸುಮಾ ಗುಡಿ. ಅಲ್ಲಿ ಎರಡು ಮಣ್ಣಿನ ತಟ್ಟೆ ಕೊಡುತ್ತಾರೆ. ಒಂದರ ಮೇಲೆ ಹೆಸರು, ಇನ್ನೊಂದರ ಮೇಲೆ ಹರಕೆ ಬರೆದು ಕೆಳಗಿನ ತೋರಿ ಎಂಬ ಗುಡಿಯ ಕಮಾನಿನೊಳಗೆ ಹೋಗುವಂತೆ ಎಸೆಯಬೇಕು. ಒಂದು ನಿಯಮ ನೆನಪಿರಲಿ: ಹೋಗೊಂಜಿ ಬೌದ್ಧ ದೇವಾಲಯ, ಅಲ್ಲಿ ಸುಮ್ಮನೆ ಕೈಮುಗಿಯಿರಿ. ಚಪ್ಪಾಳೆ ತಟ್ಟುವುದು ಈ ಶಿಂತೋ ಗುಡಿಯಲ್ಲಿ ಮಾತ್ರ, ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮತ್ತೊಮ್ಮೆ ಬಾಗುವುದು. ದೋಣಿಯ ನಡುವಿನ ಬಿಡುವು ಒಂದೂಕಾಲು ಗಂಟೆಯಷ್ಟೇ. ಅಕ್ಕನ ನಡಿಗೆಗೆ ಅದು ಬಿಗಿ. ಅಂಗಡಿಗಳನ್ನು ಬಿಟ್ಟು ನೇರ ಮೇಲೆ ಹೋಗಿ.

ಇಮಾಝುವಿನಿಂದ ಕೊಸೇ ಮಾರ್ಗದ ರೈಲು ಹಿಡಿದು ದಕ್ಷಿಣಕ್ಕೆ ಒಂದು ನಿಲ್ದಾಣ, ಶಿನ್-ಅಸಾಹಿ. ಅಲ್ಲಿಂದ ಹರಿಯೇ ಎಂಬ ಹಳ್ಳಿ. ಮನೆ ಮನೆಯ ಅಡಿಗೆಮನೆಯಲ್ಲೂ ಊಟೆ ನೀರು ಉಕ್ಕುತ್ತದೆ, ಆ ವ್ಯವಸ್ಥೆಗೆ ಕಬಾತಾ ಎನ್ನುತ್ತಾರೆ. ಮೊದಲ ತೊಟ್ಟಿಯ ನೀರು ಕುಡಿಯಲು, ಅಡಿಗೆಗೆ. ಅದು ತುಂಬಿ ಹೊರಚೆಲ್ಲಿದ ಕಡೆ ಪಾತ್ರೆ ತೊಳೆಯುತ್ತಾರೆ. ಅನ್ನದ ಅಗುಳು, ತರಕಾರಿ ಸಿಪ್ಪೆಯನ್ನು ಅಲ್ಲಿ ಸಾಕಿದ ಕಾರ್ಪ್ ಮೀನು ತಿಂದು ನೀರು ಚೊಕ್ಕ ಮಾಡುತ್ತದೆ. ಆಮೇಲೆ ಊರಿನ ಕಾಲುವೆಗೆ, ಅಲ್ಲಿಂದ ಕೆರೆಗೆ. ಕೆಳಗಿನ ಮನೆಯವನು ಅದೇ ನೀರು ಬಳಸುತ್ತಾನೆಂಬ ಎಚ್ಚರದಿಂದ ಮೇಲಿನವನು ಸೋಪು ಚೆಲ್ಲುವುದಿಲ್ಲ. ಕೋಟೆಗಿಂತಲೂ ಈ ಅಡಿಗೆಮನೆ ನೋಡುವುದೇ ದೊಡ್ಡದೆಂದು ನನ್ನ ಅಭಿಪ್ರಾಯ. ಇವು ಜನ ವಾಸಿಸುವ ಮನೆಗಳು, ನೀವಾಗಿ ನುಗ್ಗುವಂತಿಲ್ಲ. ಊರಿನವರೇ ನಡೆಸುವ ಮಾರ್ಗದರ್ಶನಕ್ಕೆ ಮುಂಗಡ ಹೇಳಿಟ್ಟು ಹೋಗಬೇಕು.

ಕೊಸೇ ಮಾರ್ಗಕ್ಕೆ ಒಂದು ಕಾಯಿಲೆಯಿದೆ. ಹಿರಾ ಬೆಟ್ಟದಿಂದ ಬೀಸುವ ಗಾಳಿ ಜೋರಾದರೆ ರೈಲು ನಿಲ್ಲಿಸಿಬಿಡುತ್ತಾರೆ, ಚಳಿಗಾಲ ಮತ್ತು ವಸಂತದಲ್ಲಿ ಇದು ಹೆಚ್ಚು. ವಿಮಾನ ಹಿಡಿಯುವ ದಿನ ಈ ಮಾರ್ಗ ನಂಬಬೇಡ. ನೀರಿನಲ್ಲಿ ತೋರಿ ಕಮಾನು ನಿಂತಿರುವ ಶಿರಾಹಿಗೆ ಗುಡಿ ನಿನ್ನ ಪಟ್ಟಿಯಲ್ಲಿದೆ. ಓಮಿ-ತಕಾಶಿಮಾ ನಿಲ್ದಾಣದಿಂದ ದೂರ, ಟ್ಯಾಕ್ಸಿ ಮಾಡು. ಗುಡಿಗೂ ಕೆರೆಗೂ ನಡುವೆ ಹೆದ್ದಾರಿ. ಫೋಟೋಗಾಗಿ ದಾಟಲು ಹೋಗಿ ಅಪಘಾತಗಳಾಗಿವೆ. ಗುಡಿಯ ಕಡೆಯೇ ನೋಡಲೆಂದು ಅಟ್ಟಣೆ ಕಟ್ಟಿದ್ದಾರೆ, ಅಲ್ಲೇ ನಿಲ್ಲಿ.

ಮೂರನೇ ರಾತ್ರಿಗೆ ಹಿಯೆ ಬೆಟ್ಟದ ಮೇಲಿನ ಎನ್ರ್ಯಾಕುಜಿ ಬೌದ್ಧ ಮಠದ ಯಾತ್ರಿನಿವಾಸ ನೋಡು. 788ರಲ್ಲಿ ಸೈಚೋ ಎಂಬ ಸನ್ಯಾಸಿ ಕಟ್ಟಿದ ಕ್ಷೇತ್ರ. ಹಿಯೆಝಾನ್-ಸಕಾಮೊತೋ ನಿಲ್ದಾಣದಲ್ಲಿ ಇಳಿದರೆ ಹಳಿಯ ಮೇಲಿನ ಕೇಬಲ್ ಕಾರ್ 2025 ಮೀಟರ್ ಉದ್ದದ ದಾರಿ ಏರುತ್ತದೆ, ಹನ್ನೊಂದು ನಿಮಿಷ. ಸಂಜೆಯ ಕೊನೇ ಕಾರು ಬೇಗ ಹೊರಡುತ್ತದೆ, ಹರಿಯೇಯಿಂದ ಮಧ್ಯಾಹ್ನ ಮೂರರೊಳಗೆ ಬಿಟ್ಟರೆ ನಿಶ್ಚಿಂತೆ. ಕೊನ್ಪೊನ್ ಚೂದೋ ಎಂಬ ಮುಖ್ಯ ಮಂದಿರಕ್ಕೆ 2016ರಲ್ಲಿ ಜೀರ್ಣೋದ್ಧಾರ ಶುರುಮಾಡಿದರು. ಹೊರಗೆ ಮುಚ್ಚಿದ್ದರೆ ಬೇಸರ ಬೇಡ, ನೋಡಬೇಕಾದದ್ದು ಒಳಗಿದೆ. ಗರ್ಭಗುಡಿಯ ನೆಲ ನಾವು ಕೂರುವ ನೆಲಕ್ಕಿಂತ ಬಹಳ ತಗ್ಗಿನಲ್ಲಿದೆ, ಆದ್ದರಿಂದ ದೇವರೂ ನಂದಾದೀಪವೂ ಕೂತವರ ಕಣ್ಣಿನ ಮಟ್ಟಕ್ಕೇ ಬರುತ್ತವೆ. 1571ರಲ್ಲಿ ಸೇನಾನಾಯಕ ಓದಾ ನೊಬುನಾಗಾ ಬೆಟ್ಟವನ್ನೇ ಸುಟ್ಟಾಗ ದೀಪ ಆರಿತು. ಮೊದಲೇ ಯಮಾಗಾತಾದ ರಿಶ್ಶಾಕುಜಿ ದೇವಾಲಯಕ್ಕೆ ಇದರಿಂದ ಹಚ್ಚಿಕೊಂಡು ಹೋಗಿದ್ದರು, ಅಲ್ಲಿಂದ ಮರಳಿ ತಂದು ಹೊತ್ತಿಸಿದರು.

ಊಟದ ವಿಚಾರ ಅಕ್ಕ ಖಂಡಿತ ಕೇಳುತ್ತಾಳೆ. ತೊಂದರೆ ಮಾಂಸದಿಂದಲ್ಲ, ದಾಶಿಯಿಂದ. ಒಣಮೀನಿನ ಈ ಸಾರು ಮಿಸೋ ಸೂಪು, ನೂಡಲ್ಸ್ ಸಾರು, ಬೇಯಿಸಿದ ತರಕಾರಿ, ನತ್ತೋ ಎಂಬ ಹುದುಗಿಸಿದ ಸೋಯಾಕಾಳಿನ ಜೊತೆ ಬರುವ ಪುಟ್ಟ ಸಾಸ್ ಪೊಟ್ಟಣ, ಎಲ್ಲದರಲ್ಲೂ ಇರುತ್ತದೆ. ವೆಜಿಟೇರಿಯನ್ ಎಂದಷ್ಟೇ ಹೇಳಿದರೆ ಇದನ್ನು ಬಿಡುವುದಿಲ್ಲ. "ನಿಕು, ಸಕಾನಾ, ಕತ್ಸುವೋ ದಾಶಿ ತಬೆಮಾಸೆನ್" ಎಂದು ಬಿಡಿಸಿ ಹೇಳಬೇಕು, ಮಾಂಸ, ಮೀನು, ಮೀನಿನ ಸಾರು ತಿನ್ನುವುದಿಲ್ಲವೆಂದು. ಜಪಾನಿ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೋ. ತಂಗುವ ಕಡೆ ರೂಮು ಬುಕ್ ಮಾಡುವಾಗಲೇ ತಿಳಿಸು. ಬಂದಮೇಲೆ ಹೇಳಿದರೆ ಅವರು ಸಾಮಾನು ತಂದಾಗಿರುತ್ತದೆ, ಏನೂ ಮಾಡಲಾರರು. ಬೆಟ್ಟದ ಮೇಲಿನ ಯಾತ್ರಿನಿವಾಸದಲ್ಲಿ ಬೌದ್ಧ ಸನ್ಯಾಸಿಗಳ ಶೋಜಿನ್ ಊಟವಿದೆ, ಮುಂಗಡ ಹೇಳಿದರೆ ಅಕ್ಕ ಅಲ್ಲಿ ನೆಮ್ಮದಿಯಾಗಿ ಉಣ್ಣುತ್ತಾಳೆ. ಉಳಿದ ಹೊತ್ತಿಗೆ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿ. ಹಸಿ ಕರಿಬೇವು, ಹಣ್ಣು, ಮೆಣಸಿನಕಾಯಿ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಇಲ್ಲಿಯ ಕೆಟಲ್, ಪುಟ್ಟ ಕುಕ್ಕರ್ ಬೇಡ. ಅಲ್ಲಿ 100 ವೋಲ್ಟು, ನಮ್ಮ 230 ವೋಲ್ಟಿನ ಕೆಟಲ್ ಐದನೇ ಒಂದು ಪಾಲು ಶಾಖವನ್ನೂ ಕೊಡುವುದಿಲ್ಲ. ಕೆಟಲ್ ರೂಮಿನಲ್ಲೇ ಇರುತ್ತದೆ.

ಗುಡಿ, ಬಸ್ಸು, ಹಳ್ಳಿ ಅಂಗಡಿಗೆ ನಗದು ಬೇಕು. 1000 ಯೆನ್ ನೋಟು ಮತ್ತು 100ರ ನಾಣ್ಯ ಸಾಕಷ್ಟು ಇರಲಿ, ಬಸ್ಸಿನಲ್ಲಿ ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದಿಲ್ಲ.

ಏಪ್ರಿಲ್ ದೋಣಿ ವೇಳಾಪಟ್ಟಿ ನೋಡಿ ದಿನ ಗೊತ್ತುಮಾಡಿ, ರೂಮು ಬುಕ್ ಮಾಡುವ ಮುಂಚೆ ನನಗೆ ಕಳಿಸು. ಅಕ್ಕನಿಗೆ ಈಗಿನಿಂದಲೇ ದಿನಾ ಮೆಟ್ಟಿಲು ಹತ್ತಿ ಇಳಿಯಲು ಹೇಳು, ಮಂಡಿಯ ಪಟ್ಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಭಾವನಿಗೆ ನನ್ನ ನಮಸ್ಕಾರ.

ಇತಿ,
ನಿನ್ನ ಸೋದರಮಾವ