ಬಾಗಿ ಕೂತು ಮತ್ತೆ ನಡೆದವರಿಗೆ, ಜೊತೆಗೆ ನಿಂತವರಿಗೆ ಶರಣು

ಹುಬ್ಬಳ್ಳಿ-ಧಾರವಾಡದ ನಮ್ಮ ಟೊಂಕದ ವ್ಯಾಯಾಮದ ತಂಡಕ್ಕೆ ಈ ಯುಗಾದಿಗೆ ಒಂದು ವರ್ಷ ತುಂಬಿತು. ‘ಕೆನಾಲ್ ಸ್ಟೆನೋಸಿಸ್’ (ಬೆನ್ನುಮೂಳೆಯೊಳಗೆ ನರಗಳು ಹಾಯುವ ಕಾಲುವೆ ಕಿರಿದಾಗುವುದು) ಎಂಬ ರಿಪೋರ್ಟ್ ಹಿಡಿದು, ಸದ್ಯಕ್ಕೆ ಆಪರೇಷನ್ ಇಲ್ಲದೆ ನೋಡೋಣ ಎಂದು ತಮ್ಮ ವೈದ್ಯರ ಜೊತೆ ನಿರ್ಧರಿಸಿ ಬಂದ ಹಿರಿಯರಿಗೆ, ಅವರನ್ನು ಕರೆತಂದ ಮನೆಯವರಿಗೆ, ಫಿಸಿಯೋಥೆರಪಿಸ್ಟರಾದ ನಮ್ಮೆಲ್ಲರ ಶರಣು. ಯಾರಿಗೆ ಯಾವುದಕ್ಕೆ ಋಣಿ ಎಂದು ಬಿಡಿಸಿ ಹೇಳಿದರೆ ಇದೇ ನೋವಿರುವ ಬೇರೆ ಮನೆಗಳಿಗೂ ಉಪಯೋಗವಾದೀತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇವೆ.

ಮೊದಲ ಋಣ, ನೋವನ್ನು ಸರಿಯಾಗಿ ಹೇಳಿದವರದು. “ನಿಂತ್ರ ಕಾಲು ಜಡ ಆಗ್ತಾವ್ರಿ, ಕುಂತ್ರ ಆರಾಮ ಅನಸ್ತದ. ಸೈಕಲ್ ನೂಕ್ಕೋತ ಹೋದ್ರ ಎಷ್ಟ ದೂರಾದ್ರೂ ನಡೀತೀನಿ.” ಇಂಥ ಮಾತು ಎಂಆರ್‌ಐ ಫಿಲ್ಮಿನಷ್ಟೇ ಬೆಲೆಯುಳ್ಳದ್ದು. ವಯಸ್ಸಾದಂತೆ ಬೆನ್ನುಮೂಳೆಗಳ ಹಿಂಬದಿಯ ಕೀಲುಗಳು ಸವೆದು ಊದುತ್ತವೆ, ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು ದಪ್ಪವಾಗುತ್ತದೆ, ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಹಿಂದಕ್ಕೆ ಉಬ್ಬುತ್ತದೆ. ನಡುವೆ ನರಗಳು ಹಾಯುವ ಜಾಗ ಕಿರಿದಾಗುತ್ತದೆ, ಹೆಚ್ಚಾಗಿ ಸೊಂಟದ 4 ಮತ್ತು 5ನೇ ಮೂಳೆಗಳ ನಡುವೆ. ನೆಟ್ಟಗೆ ನಿಂತಾಗ, ಹಿಂದಕ್ಕೆ ಬಾಗಿದಾಗ ಆ ಜಾಗ ಇನ್ನೂ ಕಿರಿದು. ಮುಂದಕ್ಕೆ ಬಾಗಿದಾಗ ಸ್ವಲ್ಪ ತೆರೆಯುತ್ತದೆ. ಸೈಕಲ್ ಹ್ಯಾಂಡಲ್ ಮೇಲೆ ಭಾರ ಹಾಕಿ ಬಾಗಿ ನಡೆದವರಿಗೆ ಆರಾಮ ಸಿಗುವುದು ಇದೇ ಕಾರಣಕ್ಕೆ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದರೆ ಮೀನಖಂಡ ನೋಯುತ್ತದೆ, ಆದರೆ ಅವರು ನಿಂತರೆ ಸಾಕು, ನೋವು ಇಳಿಯುತ್ತದೆ. ಸಕ್ಕರೆ ಕಾಯಿಲೆಯ ನರದೋಷದಲ್ಲಿ ಪಾದದ ಉರಿ ಕೂತರೂ ಹೋಗದು, ರಾತ್ರಿ ಹೆಚ್ಚು. ಈ ಮೂರನ್ನೂ ಒಂದೇ ಎಂದು ತಿಳಿದರೆ ತಿಂಗಳುಗಟ್ಟಲೆ ತಪ್ಪು ವ್ಯಾಯಾಮ ನಡೆಯುತ್ತದೆ.

ಉಣಕಲ್ ಕೆರೆಯ ದಂಡೆಯಲ್ಲಿ ಎಲ್ಲರೂ ಭರಭರ ನಡೆಯುವಾಗ ನಡುವೆ ಕೂರಲು ನಾಚದೆ ಕೂತವರಿಗೆ ವಿಶೇಷ ವಂದನೆ. ಇದು ಹೇಳುವಷ್ಟು ಸುಲಭವಲ್ಲ. ಕಾಲು ಜಡವಾಗುವುದು 6 ನಿಮಿಷಕ್ಕೆ ಎಂದಾದರೆ 4 ನಿಮಿಷಕ್ಕೇ ಕೂರಬೇಕು. ಮೊಣಕೈಗಳನ್ನು ತೊಡೆಯ ಮೇಲಿಟ್ಟು ಒಂದೆರಡು ನಿಮಿಷ ಮುಂದೆ ಬಾಗಿ, ಮತ್ತೆ 4 ನಿಮಿಷ ನಡೆಯಬೇಕು. ಹೀಗೆ ನಾಲ್ಕೈದು ಸಲ, ಬೆಳಿಗ್ಗೆ ಸಂಜೆ. ಆರಾಮವಿದ್ದರೆ ವಾರಕ್ಕೆ ಒಂದು ನಿಮಿಷ ಹೆಚ್ಚು. ಹಲ್ಲು ಕಚ್ಚಿ ದೂರ ನಡೆದವರು ಮರುದಿನ ಹಾಸಿಗೆ ಬಿಡುವುದಿಲ್ಲ, ಕಾಲು ಬಲ ಕಳೆದುಕೊಳ್ಳುತ್ತದೆ, ಆಮೇಲೆ ನಡೆಯುವ ದೂರ ಇನ್ನೂ ಕಡಿಮೆಯಾಗುತ್ತದೆ. ನೃಪತುಂಗ ಬೆಟ್ಟ ಹತ್ತುವಾಗ ಇಲ್ಲದ ನೋವು ಇಳಿಯುವಾಗ ಬಂದರೆ ಗಾಬರಿ ಬೇಡ. ಇಳಿಯುವಾಗ ಮೈ ಹಿಂದಕ್ಕೆ ವಾಲುತ್ತದೆ, ಅಷ್ಟೇ. ಇಳಿಜಾರು ಬಿಡಿ. ವ್ಯಾಯಾಮದ ಸೈಕಲ್ ಇದ್ದರೆ ಭಾರ ಹಾಕದೆ 10 ನಿಮಿಷದಿಂದ ಶುರು ಮಾಡಿ 20ಕ್ಕೆ ಒಯ್ಯಬಹುದು.

ಜಮಖಾನೆ ಹಾಸಿ ಅಜ್ಜ-ಅಜ್ಜಿಯರ ಪಕ್ಕ ಕೂತು ಎಣಿಸಿದ ಮೊಮ್ಮಕ್ಕಳೇ, ನಿಮ್ಮ ಎಣಿಕೆ ನಮಗೆ ದೊಡ್ಡ ಆಸರೆ. ಅಂಗಾತ ಮಲಗಿ ಒಂದು ಮೊಣಕಾಲನ್ನು ಎದೆಗೆ ಎಳೆದು 20 ಎಣಿಸುವುದು, ಪ್ರತಿ ಕಾಲಿಗೆ ಮೂರು ಸಲ. ನಂತರ ಎರಡೂ ಕಾಲು. ಮೊಣಕಾಲು ಸವೆದವರು ಮೊಣಕಾಲಿನ ಮೇಲೆ ಅಲ್ಲ, ತೊಡೆಯ ಹಿಂದೆ ಕೈ ಹಾಕಬೇಕು. ಆಮೇಲೆ ಕಾಲು ಮಡಚಿಟ್ಟು ಟೊಂಕವನ್ನು ನೆಲಕ್ಕೆ ಒತ್ತಿ 5 ಎಣಿಸುವುದು, 10 ಸಲ. ಇಲ್ಲಿ ಎಲ್ಲರೂ ಉಸಿರು ಬಿಗಿ ಹಿಡಿಯುತ್ತಾರೆ. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಹೊರಡುತ್ತದೆ. ಮೂರನೆಯದು ಹೊರಸಿನ ಅಂಚಿನಲ್ಲಿ: ಒಂದು ಮೊಣಕಾಲನ್ನು ಎದೆಗೆ ಹಿಡಿದು ಇನ್ನೊಂದು ಕಾಲನ್ನು ಅಂಚಿನಿಂದ ಕೆಳಗೆ ಜೋತು ಬಿಡುವುದು. ತೊಡೆಸಂದಿನ ಸ್ನಾಯು ಬಿಗಿದಿದ್ದರೆ ಅದು ನಿಂತಾಗಲೆಲ್ಲ ಟೊಂಕವನ್ನು ಮುಂದಕ್ಕೆ ಎಳೆದು ಬಳುಕಿಸುತ್ತದೆ, ಅದಕ್ಕೆ ಇದು. ಟೊಂಕ ಹೊರಸಿನಿಂದ ಮೇಲೆದ್ದರೆ ಪ್ರಯೋಜನವಿಲ್ಲ. ಏಳುವಾಗ ಮಗ್ಗುಲಾಗಿ, ಕೈ ಊರಿ ಏಳಿ. ಹಿಂದಕ್ಕೆ ಬಾಗುವ ಭುಜಂಗಾಸನ, ಧನುರಾಸನ, ಉಷ್ಟ್ರಾಸನ ಬೇಡ; “ಬೆನ್ನಿಗೆ ಒಳ್ಳೇದು” ಎಂದು ಯಾರು ಹೇಳಿದರೂ ಈ ನೋವಿಗೆ ಅವು ಹೊಂದುವುದಿಲ್ಲ. ಇನ್ನು, ಎಲುಬು ತೀರಾ ಟೊಳ್ಳಾದವರು, ಹಿಂದೆ ಬೆನ್ನುಮೂಳೆ ಕುಸಿದವರು, ಬಹಳ ಕಾಲ ಸ್ಟೆರಾಯ್ಡ್ ಮಾತ್ರೆ ನುಂಗಿದವರು ಮುಂದೆ ಬಾಗುವ ವ್ಯಾಯಾಮವನ್ನೂ ಕೇಳದೆ ಮಾಡಬಾರದು.

ಸೊಸೆಯಂದಿರಿಗೆ, ಮಗಳಂದಿರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಗ್ಯಾಸ್ ಕಟ್ಟೆಯ ಕೆಳಗೆ ಒಂದು ಮಣೆ ಇಟ್ಟು, ಅತ್ತೆ ಅದರ ಮೇಲೆ ಒಂದೊಂದು ಕಾಲು ಬದಲಿಸಿ ಇಡುವಂತೆ ಮಾಡಿದಿರಿ. ರೊಟ್ಟಿ ಬಡಿಯಲು ಪಕ್ಕದಲ್ಲೇ ಎತ್ತರದ ಸ್ಟೂಲ್ ಇಟ್ಟಿರಿ. ಬಟ್ಟೆ ಒಣಹಾಕುವ ಹಗ್ಗವನ್ನು ಎದೆಮಟ್ಟಕ್ಕೆ ಇಳಿಸಿದಿರಿ, ಅಟ್ಟದ ಡಬ್ಬಿಗಳನ್ನು ಕೆಳಗೆ ತಂದಿರಿ. ಕೈ ಮೇಲೆತ್ತಿದಾಗೆಲ್ಲ ಟೊಂಕ ಹಿಂದಕ್ಕೆ ಬಾಗುತ್ತದೆ ಎಂಬುದನ್ನು ಒಮ್ಮೆ ಹೇಳಿದ್ದಕ್ಕೆ ಇಡೀ ಮನೆಯನ್ನೇ ಹೊಂದಿಸಿದಿರಿ. ಮಲಗುವಾಗ ಮಗ್ಗುಲಾದರೆ ಮೊಣಕಾಲುಗಳ ನಡುವೆ ದಿಂಬು, ಅಂಗಾತವಾದರೆ ಮೊಣಕಾಲ ಕೆಳಗೆ ದಿಂಬು. ಇದನ್ನೂ ಮರೆಯಲಿಲ್ಲ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟ ಹುಡುಗರಿಗೂ ನಮ್ಮ ನಮಸ್ಕಾರ. ಪ್ಲಾಟ್‌ಫಾರ್ಮ್ ಬಸ್ಸಿನ ಮಟ್ಟಕ್ಕೇ ಇರುವುದರಿಂದ ಇವರಿಗೆ ಹತ್ತುವುದು ಕಷ್ಟವಲ್ಲ, ನಿಂತು ಹೋಗುವುದೇ ಕಷ್ಟ.

ನಮ್ಮ ಬಳಿ ಕಳಿಸಿದ ಮೂಳೆ ಮತ್ತು ನರರೋಗ ವೈದ್ಯರಿಗೆ ಕೃತಜ್ಞತೆ. ಮುಖ್ಯವಾಗಿ, ಫಿಲ್ಮ್ ನೋಡಿ ಹೆದರಿಸದೆ ಇದ್ದುದಕ್ಕೆ. ಅರವತ್ತು ದಾಟಿದ ಎಷ್ಟೋ ಜನರ ಎಂಆರ್‌ಐಯಲ್ಲಿ ಕಾಲುವೆ ಕಿರಿದಾಗಿರುತ್ತದೆ, ಅವರಿಗೆ ನೋವೇ ಇರುವುದಿಲ್ಲ. ಮಾತ್ರೆಯ ವಿಷಯದಲ್ಲೂ ನೀವು ಕೈ ಬಿಗಿ ಹಿಡಿದಿರಿ. ಪ್ಯಾರಾಸಿಟಮಾಲ್ ವಯಸ್ಸಾದವರಿಗೆ ದಿನಕ್ಕೆ ಒಟ್ಟು 3 ಗ್ರಾಂ ಮೀರದಂತೆ. ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು ಕಿಡ್ನಿ, ಬಿಪಿ, ಹೊಟ್ಟೆ ನೋಡಿಕೊಂಡು ಕೆಲವೇ ದಿನ. ನರದ ನೋವಿಗೆ ಪ್ರೆಗಾಬಾಲಿನ್ ಬರೆದರೆ ತಲೆಸುತ್ತು ಬಂದು ಬಚ್ಚಲಲ್ಲಿ ಬೀಳಬಹುದೆಂಬ ಎಚ್ಚರಿಕೆಯ ಜೊತೆಗೇ. 2015ರಲ್ಲಿ ಪ್ರಕಟವಾದ 169 ರೋಗಿಗಳ ಅಮೆರಿಕದ ಅಧ್ಯಯನದಲ್ಲಿ ಎರಡು ವರ್ಷದ ಕೊನೆಗೆ ಆಪರೇಷನ್ನಿನವರೂ ಫಿಸಿಯೋಥೆರಪಿಯವರೂ ಓಡಾಟದಲ್ಲಿ ಹೆಚ್ಚು ಕಡಿಮೆ ಒಂದೇ ಕಡೆ ಬಂದರು. ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ನಡುವೆ ಆಪರೇಷನ್ನಿಗೆ ಹೋದರು ಎಂಬುದನ್ನೂ ಸೇರಿಸಿಯೇ ಓದಬೇಕು. ಆದ್ದರಿಂದ ನಮ್ಮ ತಂಡ ಬಿಟ್ಟು ಆಪರೇಷನ್ ಮಾಡಿಸಿಕೊಂಡವರು ಸೋತರೆಂದು ನಾವು ಎಂದೂ ಎಣಿಸಿಲ್ಲ. ವ್ಯಾಯಾಮದಿಂದ ಬಲಗೊಂಡ ಕಾಲು ಆಮೇಲೂ ಅವರದೇ.

ಒಂದು ಮಾತು ಮನೆಯ ಗೋಡೆಗೆ ಅಂಟಿಸಿಡಿ. ಉಚ್ಚೆ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ತೊಡೆಸಂದು-ಗುದದ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿದರೆ, ನಾಳೆ ನೋಡೋಣ ಎನ್ನದೆ ಅದೇ ದಿನ, ಅದೇ ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ. ಕೈಬೆರಳಿನಿಂದ ಅಂಗಿಯ ಗುಂಡಿ ಹಾಕಲು ಬಾರದೆ ನಡಿಗೆ ತೂರಾಡಿದರೆ ತೊಂದರೆ ಕುತ್ತಿಗೆಯಲ್ಲಿರಬಹುದು, ಮೇಲಿನ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಗದಗ, ಹಾವೇರಿ ಕಡೆಯಿಂದ ಹೊಸದಾಗಿ ಬರುವವರು ಎಂಆರ್‌ಐ ಫಿಲ್ಮ್, ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಮತ್ತು ಎಷ್ಟು ನಿಮಿಷ ನಡೆದರೆ ಕಾಲು ಜಡವಾಗುತ್ತದೆ ಎಂದು ಒಂದು ವಾರ ಬರೆದಿಟ್ಟ ಹಾಳೆ ತನ್ನಿ. ಮನೆಯವರೊಬ್ಬರು ಜೊತೆಗೆ ಬರಲಿ.